ಮುಖಶೂಲೆಯೂ ಮಿದುಳಿನ ಚಿತ್ರವೂ

ಮನುಷ್ಯನನ್ನು ಕಾಡುವ ನೋವುಗಳಲ್ಲಿ ಅತ್ಯುಗ್ರವಾದವುಗಳ ಸಾಲಿಗೆ ವೈದ್ಯರು ಮುಖದ ನರಶೂಲೆಯನ್ನು ಸೇರಿಸುತ್ತಾರೆ. ತಣ್ಣನೆಯ ಗಾಳಿ ಸೋಕಿದರೆ, ಒಂದು ತುತ್ತು ಅಗಿದರೆ ಸಾಕು. ಕೆನ್ನೆಯ ಒಂದು ಪಾರ್ಶ್ವದಲ್ಲಿ ಮಿಂಚು ಹೊಡೆದಂತೆ ನೋವು ಹಾಯ್ದು ಕೆಲವೇ ಕ್ಷಣಗಳಲ್ಲಿ ನಿಲ್ಲುತ್ತದೆ. ಮತ್ತೆ ಯಾವಾಗ ಬಂದೀತೋ ಎಂಬ ಭಯ ಮಾತ್ರ ನಿಲ್ಲುವುದಿಲ್ಲ. 1756ರಲ್ಲಿ ಫ್ರಾನ್ಸಿನ ನಿಕೊಲಾ ಆಂದ್ರೆ ಇದನ್ನು ‘ಟಿಕ್ ದೂಲೂರೂ’ ಎಂದು ಕರೆದರು. ನೋವಿನ ಸೆಳೆತ ಎಂದು ಅದರ ಅರ್ಥ.

ನನ್ನ ಸೋದರತ್ತೆ ಇದನ್ನು ವರ್ಷಗಟ್ಟಲೆ ಹಲ್ಲುನೋವೆಂದೇ ನಂಬಿದ್ದರು. ದಂತವೈದ್ಯರೊಬ್ಬರು ಒಂದಾದ ಮೇಲೊಂದರಂತೆ ಮೂರು ದವಡೆಹಲ್ಲುಗಳನ್ನು ಕಿತ್ತರು. ಹಲ್ಲು ಹೋದವು, ನೋವು ಉಳಿಯಿತು. ಹಣೆ, ಕೆನ್ನೆ, ದವಡೆಗಳಿಗೆ ಮೂರು ಶಾಖೆಗಳಾಗಿ ಹರಡಿರುವ ಐದನೆಯ ಕಪಾಲನರವೇ ಹಲ್ಲಿನ ಸಂವೇದನೆಯನ್ನೂ ಮಿದುಳಿಗೆ ಒಯ್ಯುವುದರಿಂದ ಇಂಥ ಭ್ರಾಂತಿ ಅನೇಕರಲ್ಲಿ ಉಂಟಾಗುತ್ತದೆ.

ಕಾರಣವಿರುವುದು ಬಹುಮಟ್ಟಿಗೆ ನರದ ಬುಡದಲ್ಲಿ. 1934ರಲ್ಲಿ ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ, ತಲೆಬುರುಡೆ ತೆರೆದು ನೋಡಿದ ಹಲವರಲ್ಲಿ ರಕ್ತನಾಳವೊಂದು ನರವನ್ನು ಒತ್ತುತ್ತಿದ್ದುದನ್ನು ವರದಿ ಮಾಡಿದರು. ಧಮನಿಯ ಬಡಿತಕ್ಕೆ ಸಿಕ್ಕು ನರದ ಹೊದಿಕೆ ಸವೆದರೆ, ಮೇಲ್ಪದರ ಕಿತ್ತ ವಿದ್ಯುತ್ ತಂತಿಗಳು ಒಂದಕ್ಕೊಂದು ತಾಗಿದಂತಾಗುತ್ತದೆ. ಮುಂದೆ ಪೀಟರ್ ಜನೆಟ್ಟಾ ಇವೆರಡನ್ನೂ ಬೇರ್ಪಡಿಸುವ ಸೂಕ್ಷ್ಮ ಶಸ್ತ್ರಚಿಕಿತ್ಸೆಯನ್ನು ರೂಢಿಗೆ ತಂದರು.

ಡ್ಯಾಂಡಿ ಬುರುಡೆ ತೆರೆದು ಕಂಡುದನ್ನು ಇಂದು ಎಂ.ಆರ್.ಐ. ಯಂತ್ರ ತೆರೆಯದೆಯೇ ತೋರಿಸಬಲ್ಲುದು. ಅಯಸ್ಕಾಂತದ ಬಲದಿಂದ ತೆಗೆದ ಆ ಚಿತ್ರದಲ್ಲಿ ಮಿದುಳಿನ ಸುತ್ತಲ ದ್ರವ ಬೆಳ್ಳಗೆ ಹೊಳೆಯುತ್ತದೆ. ನರ, ರಕ್ತನಾಳಗಳು ಅದರಲ್ಲಿ ಕಪ್ಪು ಎಳೆಗಳಾಗಿ ಕಾಣುತ್ತವೆ. ನರವನ್ನು ಅದುಮುವ ಗೆಡ್ಡೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿಯ ಕಲೆಗಳು ಇದ್ದರೆ ಅವೂ ಗೋಚರಿಸುತ್ತವೆ. ರೋಗಿ ಎಳೆಯ ವಯಸ್ಸಿನವನಾಗಿದ್ದರೆ, ಕೆನ್ನೆ ಜೋಮು ಹಿಡಿದಿದ್ದರೆ, ಎರಡೂ ಕಡೆ ನೋವಿದ್ದರೆ ಇವುಗಳ ಶಂಕೆ ಹೆಚ್ಚು.

ಅತ್ತೆಯವರ ಚಿತ್ರದಲ್ಲಿ ಗೆಡ್ಡೆಯಿರಲಿಲ್ಲ. ಆದರೆ ರಕ್ತನಾಳ ಎರಡು ಪಾರ್ಶ್ವಗಳಲ್ಲೂ ನರಕ್ಕೆ ತಾಗಿತ್ತು. ನೋವು ಬಲಕ್ಕೆ ಮಾತ್ರ. “ಎಡಗಡೆಯೂ ತಾಗಿದೆಯಂತಲ್ಲ ಡಾಕ್ಟರೇ, ಅಲ್ಲೇಕೆ ನೋಯುವುದಿಲ್ಲ?” ಎಂದು ಅವರು ಕೇಳಿದರು. ನರರೋಗತಜ್ಞರು ನಕ್ಕರು: “ತಾಗುವುದೇ ಬೇರೆ, ಒತ್ತುವುದೇ ಬೇರೆ ಅಮ್ಮಾ. ಚಿತ್ರದಲ್ಲಿ ನೋವು ಮೂಡುವುದಿಲ್ಲ. ನೀವು ಹೇಳಿದ್ದರಿಂದ ತಾನೇ ನಾವು ಬಲಗಡೆ ಹುಡುಕಿದ್ದು!”

ಆ ಮಾತು ನನಗೆ ಬಹಳ ಹಿಡಿಸಿತು. ಯಾವ ನೋವೂ ಇಲ್ಲದವರ ಚಿತ್ರಗಳಲ್ಲೂ ಇಂಥ ಸ್ಪರ್ಶ ಆಗಾಗ ಕಾಣುತ್ತದೆ. ಘೋರವಾಗಿ ನರಳುವ ಕೆಲವರಲ್ಲಿ ಏನೂ ಕಾಣುವುದಿಲ್ಲ. ಆದ್ದರಿಂದ ರೋಗ ಯಾವುದೆಂಬ ನಿರ್ಣಯ ರೋಗಿಯ ಮಾತಿನಿಂದ. ಚಿತ್ರ ಅದರ ಕಾರಣವನ್ನಷ್ಟೇ ಅರಸುತ್ತದೆ. ನರ ಜರುಗಿದೆಯೆ, ತೆಳ್ಳಗಾಗಿದೆಯೆ ಎಂಬುದು ಬರಿಯ ಸ್ಪರ್ಶಕ್ಕಿಂತ ಬಲವಾದ ಸಾಕ್ಷಿ. ಅನೇಕರಿಗೆ ಕಾರ್ಬಮಜೆಪಿನ್ ಗುಳಿಗೆಯಿಂದಲೇ ಉಪಶಮನ ದೊರೆಯುತ್ತದೆ. ಅದು ಸಾಲದೆ ಶಸ್ತ್ರಕ್ರಿಯೆಯ ಮಾತು ಬಂದಾಗ ಚಿತ್ರದ ಸೂಕ್ಷ್ಮ ವಿವರಗಳು ನಿರ್ಣಾಯಕವಾಗುತ್ತವೆ.

ತಲೆಯ ಸಾಮಾನ್ಯ ಸ್ಕ್ಯಾನಿನಲ್ಲಿ ಈ ಎಳೆಗಳು ತಪ್ಪಿಹೋಗಬಹುದು. ನರದ ಬುಡವನ್ನು ತೀರ ತೆಳುವಾದ ಪದರಗಳಲ್ಲಿ ತೆಗೆಯಬೇಕು. ನೋವು ಯಾವ ಪಾರ್ಶ್ವದ್ದು, ಹುಡುಕುತ್ತಿರುವುದು ಏನನ್ನು ಎಂಬುದನ್ನು ಕಳುಹಿಸುವ ವೈದ್ಯರು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಬರೆದಿಲ್ಲವಾದರೆ, ಯಂತ್ರದೊಳಗೆ ಮಲಗುವ ಮುನ್ನ ರೋಗಿಯೇ ಬಾಯಿಬಿಟ್ಟು ಹೇಳಬಹುದು.