ಈ ಸೊಪ್ಪು ಯಾವ ಮಣ್ಣಿನದು?

(ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕೋಲಾರ ಜಿಲ್ಲೆಯ ರಾಬರ್ಟ್‌ಸನ್‌ಪೇಟೆ ಚಿನ್ನದ ಗಣಿಗಳನ್ನು ನಂಬಿ ಬೆಳೆದ ಪಟ್ಟಣ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೆತ್ತಿಕೊಂಡ ಗಣಿಗಾರಿಕೆ 2001ರ ಫೆಬ್ರವರಿ 28ರಂದು ನಿಂತಿತು. ಚಿನ್ನ ಊರು ಬಿಟ್ಟು ಹೋಯಿತು. ಅದಿರನ್ನು ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಬಸಿದುಕೊಂಡ ಮೇಲೆ ಮಿಕ್ಕ ಮೂರು ಕೋಟಿ ಟನ್ನಿಗೂ ಹೆಚ್ಚಿನ ಹುಡಿ ಮಾತ್ರ ಗುಡ್ಡಗಳಾಗಿ ಅಲ್ಲಿಯೇ ಉಳಿಯಿತು. ಗಾಳಿಯ ಕಾಲದಲ್ಲಿ ಅದು ಮನೆ, ಹಿತ್ತಿಲು, ಹೊಲಗಳ ಮೇಲೆ ಬಂದು ಕೂರುತ್ತದೆ.

ಜನರು ಇವನ್ನು ಸೈನೈಡ್ ಗುಡ್ಡಗಳೆಂದು ಕರೆಯುತ್ತಾರೆ. ಈ ಹೆಸರು ನಮ್ಮ ಗಮನವನ್ನು ತುಸು ತಪ್ಪು ದಿಕ್ಕಿಗೆ ಎಳೆಯುತ್ತದೆ. ಸೈನೈಡ್ ಬಿಸಿಲು ಗಾಳಿಗಳಿಗೆ ಕ್ರಮೇಣ ಒಡೆಯುವ ವಸ್ತು. ಅದಿರಿನೊಡನೆ ಮೇಲೆ ಬಂದ ಲೋಹಗಳು ಒಡೆಯುವುದಿಲ್ಲ, ಕೊಳೆಯುವುದಿಲ್ಲ. ಅದಿರಿನಲ್ಲಿದ್ದ ಗಂಧಕದ ಖನಿಜಗಳು ಮಳೆಗೂ ಗಾಳಿಗೂ ತೆರೆದುಕೊಂಡಾಗ ಆಮ್ಲ ಹುಟ್ಟುತ್ತದೆ. ಆ ಆಮ್ಲವು ಲೋಹಗಳನ್ನು ಕರಗಿಸಿ ಮಣ್ಣಿಗಿಳಿಸಬಲ್ಲುದು.

ಕೋಲಾರದ ಊಟವೆಂದರೆ ಮುದ್ದೆ, ಬಸ್ಸಾರು, ಬೆರಕೆ ಸೊಪ್ಪು. ಎಲೆಯೇ ಅಲ್ಲಿ ಬಡವರ ಪೌಷ್ಟಿಕಾಂಶ. ಆದುದರಿಂದ ಎಲೆಗೆ ಲೋಹ ತಲಪುವ ಎರಡು ದಾರಿಗಳನ್ನು ಬೇರೆಬೇರೆಯಾಗಿ ಅರಿಯಬೇಕು. ಸೀಸವು ಬಹುಮಟ್ಟಿಗೆ ಧೂಳಾಗಿ ಎಲೆಯ ಮೇಲೆ ಕೂರುತ್ತದೆ; ಹರಿಯುವ ನೀರಿನಲ್ಲಿ ಎರಡು ಮೂರು ಬಾರಿ ತೊಳೆದರೆ ಅದರಲ್ಲಿ ಬಹುಪಾಲು ಹೋಗುತ್ತದೆ. ಕ್ಯಾಡ್ಮಿಯಂ ಬೇರಿನಿಂದ ಏರಿ ಎಲೆಯೊಳಗೇ ನೆಲೆಸುತ್ತದೆ. ಅದನ್ನು ಉಪ್ಪುನೀರಾಗಲಿ, ಅರಿಸಿನವಾಗಲಿ, ಕುದಿಸುವ ಬೆಂಕಿಯಾಗಲಿ ತೆಗೆಯಲಾರವು. ಸೀಸ ಮಕ್ಕಳ ಮಿದುಳಿಗೆ ಕೇಡು. ಕ್ಯಾಡ್ಮಿಯಂ ಮೂತ್ರಪಿಂಡಗಳಲ್ಲಿ ವರ್ಷಗಟ್ಟಲೆ ಸಂಗ್ರಹವಾಗುತ್ತ ಹೋಗುತ್ತದೆ.

ಗಣಿಯ ಊರಿನವರಿಗಷ್ಟೇ ಈ ಚಿಂತೆಯೆಂದು ಭಾವಿಸಬೇಡಿ. ಬೆಂಗಳೂರಿನ ಅಂಗಡಿಗಳಿಂದ ತಂದ ತರಕಾರಿ, ಸೊಪ್ಪುಗಳ ಮಾದರಿಗಳಲ್ಲಿ ಸೀಸ, ಕ್ಯಾಡ್ಮಿಯಂಗಳು ಮಿತಿ ಮೀರಿರುವುದನ್ನು ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆಯು ಕಂಡುಕೊಂಡದ್ದು 2023ರಲ್ಲಿ ಸುದ್ದಿಯಾಯಿತು. ಮಾದರಿಗಳು ಬೀದಿ ಮಾರುಕಟ್ಟೆಯವು ಮಾತ್ರವಲ್ಲ, ದೊಡ್ಡ ಅಂಗಡಿಗಳವೂ ಆಗಿದ್ದವು. ತಂಪುಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ಕೊಳಚೆನೀರಿನಲ್ಲಿ ಬೆಳೆದ ಪಾಲಕ್ ಶುದ್ಧವಾದೀತೇ? ಎಲೆ ಸೊಪ್ಪಿಗೆ ಅಂತರರಾಷ್ಟ್ರೀಯ ಆಹಾರ ಸಂಹಿತೆ ವಿಧಿಸಿರುವ ಮಿತಿ ಕಿಲೋಗೆ 0.3 ಮಿಲಿಗ್ರಾಂ ಸೀಸ, 0.2 ಮಿಲಿಗ್ರಾಂ ಕ್ಯಾಡ್ಮಿಯಂ. ಇಷ್ಟು ಅಲ್ಪವನ್ನು ಕಣ್ಣು, ಮೂಗು, ನಾಲಗೆಗಳು ಗುರುತಿಸಲಾರವು. ಕಟ್ಟು ಎಷ್ಟು ಹಸಿರಾಗಿದೆ ಎಂಬುದರಿಂದ ಏನೂ ತಿಳಿಯದು.

ಇನ್ನು ನಮ್ಮ ಗುಡ್ಡಗಾಡಿನ ಮಾತು. ಇಲ್ಲಿ ಗಣಿಯ ಹುಡಿಯಿಲ್ಲ, ನಿಜ. ಆದರೆ ಮಳೆ ಹೆಚ್ಚಿರುವ ನಮ್ಮ ಮಣ್ಣು ಹುಳಿ ಮಣ್ಣು. ಹುಳಿ ಮಣ್ಣಿನಲ್ಲಿ ಕ್ಯಾಡ್ಮಿಯಂ ಸುಲಭವಾಗಿ ಬೇರಿಗೆ ಸಿಗುತ್ತದೆ, ಮತ್ತು ರಂಜಕದ ಗೊಬ್ಬರಗಳಲ್ಲಿ ಅದು ಸ್ವಲ್ಪಮಟ್ಟಿಗೆ ಇದ್ದೇ ಇರುತ್ತದೆ. ಸುಣ್ಣ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇವೆರಡೂ ಅದನ್ನು ಮಣ್ಣಿನಲ್ಲಿಯೇ ಹಿಡಿದಿಡಲು ನೆರವಾಗುತ್ತವೆ. ಹಿರಿಯರು ಗದ್ದೆಗೆ ಸುಣ್ಣ ಎರಚುತ್ತಿದ್ದುದಕ್ಕೆ ಹೀಗೊಂದು ಪ್ರಯೋಜನವೂ ಉಂಟು.

ವಿದ್ಯಾರ್ಥಿಗಳಿಗೊಂದು ಕೆಲಸ ಹೇಳುತ್ತೇನೆ. ನಿಮ್ಮ ಮನೆಯ ಮಣ್ಣು ಆರೋಗ್ಯ ಚೀಟಿಯನ್ನು ತೆಗೆದು ನೋಡಿರಿ. ಅದರಲ್ಲಿ ಸಾರಜನಕದಿಂದ ಬೋರಾನ್‌ವರೆಗೆ 12 ಅಂಶಗಳಿವೆ. ಸೀಸವಿಲ್ಲ, ಕ್ಯಾಡ್ಮಿಯಂ ಇಲ್ಲ. ಬೆಳೆಗೆ ಏನು ಬೇಕೆಂದು ಆ ಚೀಟಿ ಹೇಳುತ್ತದೆಯೇ ಹೊರತು ಉಣ್ಣುವವರಿಗೆ ಏನು ಬೇಡವೆಂದು ಹೇಳುವುದಿಲ್ಲ. ಈ ಎರಡು ಲೋಹಗಳ ಪರೀಕ್ಷೆಯನ್ನೂ ಸೇರಿಸಬೇಕೆಂಬ ಠರಾವನ್ನು ಮುಂದಿನ ಗ್ರಾಮಸಭೆಯಲ್ಲಿ ಮಂಡಿಸೋಣ. ಕರಡನ್ನು ನೀವೇ ಬರೆದು ತನ್ನಿ.