ಔಷಧಿ ಚೀಟಿಯಲ್ಲಿ ಒಲೆಗೂ ಒಂದು ಸಾಲು

(ನಮ್ಮ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ರೋಗಿಗಳಿಗೂ ಅವರ ಬಂಧುಗಳಿಗೂ ಎದೆರೋಗ ವಿಭಾಗದ ವೈದ್ಯರು ನೀಡಿದ ಉಪನ್ಯಾಸದ ಬರಹರೂಪ)



 ಇಂದಿನ ವಿಷಯ ಒಲೆ. ಎದೆರೋಗದ ಡಾಕ್ಟರಿಗೂ ಅಡುಗೆ ಮನೆಯ ಒಲೆಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ನನಗೂ ಆ ಸಂಬಂಧ ತಡವಾಗಿಯೇ ತಿಳಿಯಿತು. ಅದನ್ನೇ ಮೊದಲು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ 58 ವಯಸ್ಸಿನ ತಾಯಿಯೊಬ್ಬರು ದಮ್ಮು ಬಂದು ದಾಖಲಾದರು. ನಾನು ರೂಢಿಯಂತೆ ಕೇಳಿದೆ: "ಅವ್ವಾರ, ಬೀಡಿ ಸೇದೋ ಚಟ ಐತೇನ್ರಿ?" ಅವರು ಆ ದಮ್ಮಿನಲ್ಲೂ ನಕ್ಕರು. "ಬೀಡಿ ಎಲ್ಲೀದ್ರಿ ಸಾಹೇಬ್ರ, ಎಲಿ ಅಡಿಕೀನೂ ತಿನ್ನಂಗಿಲ್ಲ." ಔಷಧಿ ಕೊಟ್ಟೆವು, ಉಸಿರಿನ ಪಂಪು ಕೊಟ್ಟೆವು, ಎಂಟು ದಿನದಲ್ಲಿ ಸುಧಾರಿಸಿ ಮನೆಗೆ ಹೋದರು. ಮೂರು ತಿಂಗಳಲ್ಲಿ ಮತ್ತೆ ಬಂದರು. ಮಳೆಗಾಲದಲ್ಲಿ ಮೂರನೆಯ ಸಲ ಬಂದಾಗ ಮಗನನ್ನು ಕರೆದು ಕೇಳಿದೆ: "ಮನೆಗೆ ಹೋದ ಮೇಲೆ ಅವ್ವ ದಿನಾ ಎಲ್ಲಿ ಕೂಡ್ತಾರಪ್ಪಾ?" ಅವನು ಹೇಳಿದ: "ಒಲಿ ಮುಂದರಿ. ರೊಟ್ಟಿ ಬಡಿಯೋದು ಆಕೀನೇ." "ಗ್ಯಾಸ್ ಇಲ್ಲೇನು?" ಎಂದೆ. "ಐತ್ರಿ. ಚಾ ಮಾಡಾಕ, ಬೀಗರು ಬಂದ್ರ ಬೇಕಾಗ್ತೈತಂತ ಇಟ್ಟೇವ್ರಿ."

ಮೂರು ಸಲ ಔಷಧಿ ಬರೆದ ನಾನು ಒಂದು ಸಲವೂ ಒಲೆಯ ವಿಚಾರ ಕೇಳಿರಲಿಲ್ಲ. ಆ ತಪ್ಪು ನನ್ನದು. ಇಲ್ಲಿ ಎಂಟು ದಿನ ನಾವು ಬಿಡಿಸಿದ ಉಸಿರನ್ನು ಅಲ್ಲಿ ಒಲೆ ದಿನಕ್ಕೆ ಎರಡು ಹೊತ್ತು ಕಟ್ಟುತ್ತಿತ್ತು. ಅಂದಿನಿಂದ ನನ್ನ ಚೀಟಿಯಲ್ಲಿ ಒಲೆಗೂ ಒಂದು ಸಾಲು ಇರುತ್ತದೆ.

ಹೊಗೆ ಎಂದರೇನು?

ಹೊಗೆ ಎಂದರೆ ಪೂರ್ತಿ ಉರಿಯದೆ ಉಳಿದ ಸೌದೆಯೇ. ಚೆನ್ನಾಗಿ ಉರಿದರೆ ಶಾಖವಾಗಬೇಕಾದದ್ದು ಅರೆಬೆಂದು ಗಾಳಿಗೆ ಸೇರುತ್ತದೆ. ಅದರಲ್ಲಿ ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಭಾಗಕ್ಕಿಂತಲೂ ಸಣ್ಣ ಕಣಗಳಿರುತ್ತವೆ. ಮೂಗಿನ ಕೂದಲು ಅವನ್ನು ತಡೆಯಲಾರದು. ನೇರವಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ಕಣ ದಿನದ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ 2009ರ ಮಾನದಂಡ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಇನ್ನೂ ಕಡಿಮೆ, 15. ಗಾಳಿಯಾಡದ ಅಡುಗೆ ಮನೆಯಲ್ಲಿ ಸೌದೆ ಒಲೆ ಉರಿಯುವಾಗ ಇದು ಹಲವು ನೂರಕ್ಕೆ ಏರುತ್ತದೆ. ಸಾವಿರ ದಾಟುವುದೂ ಉಂಟು.

ಇದರಿಂದ ಬರುವ ಮುಖ್ಯ ಕಾಯಿಲೆ ಸಿಒಪಿಡಿ, ಅಂದರೆ ಉಸಿರಿನ ನಾಳಗಳು ಕಾಯಂ ಆಗಿ ಇಕ್ಕಟ್ಟಾಗುವ ದಮ್ಮು. ಚಿಕ್ಕ ಮಕ್ಕಳಿಗೆ ನ್ಯುಮೋನಿಯಾ, ದೊಡ್ಡವರಿಗೆ ಹೃದಯಾಘಾತ, ಲಕ್ವ, ಶ್ವಾಸಕೋಶದ ಕ್ಯಾನ್ಸರ್, ಕಣ್ಣಿನ ಪೊರೆ ಇವುಗಳಿಗೂ ಹೊಗೆಯ ನಂಟಿದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ತೀರಿಕೊಂಡರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಐದು ವರ್ಷದೊಳಗಿನ ಮಕ್ಕಳೇ ಎರಡು ಲಕ್ಷಕ್ಕಿಂತ ಹೆಚ್ಚು.

ಲಂಡನ್ನಿನ ಪಾಠ

1952ರ ಡಿಸೆಂಬರಿನಲ್ಲಿ ಲಂಡನ್ ನಗರದ ಮೇಲೆ ಐದು ದಿನ ಹೊಗೆ ಮಂಜು ಕವಿದು ನಿಂತಿತು. ಮನೆ ಮನೆಯ ಕಲ್ಲಿದ್ದಲ ಒಲೆಗಳೂ ಕಾರ್ಖಾನೆಗಳೂ ಅದಕ್ಕೆ ಕಾರಣ. ಸುಮಾರು 4,000 ಜನ ಸತ್ತರೆಂದು ಆಗ ಲೆಕ್ಕ ಹಾಕಿದರು. ನಂತರದ ಅಂದಾಜು ಅದಕ್ಕಿಂತ ಬಹಳ ಹೆಚ್ಚು. 1956ರಲ್ಲಿ ಅಲ್ಲಿ ಶುದ್ಧ ಗಾಳಿಯ ಕಾಯಿದೆ ಬಂತು. ಕೆಲವು ಪ್ರದೇಶಗಳನ್ನು ಹೊಗೆ ನಿಯಂತ್ರಣ ಪ್ರದೇಶವೆಂದು ಸಾರಿದರು. ಅಲ್ಲಿ ಹೊಗೆ ಕಾರದ ಇಂಧನವನ್ನೇ ಸುಡಬೇಕು; ಕಟ್ಟಿಗೆ ಸುಡುವುದಾದರೆ ಪರೀಕ್ಷೆಯಾಗಿ ಒಪ್ಪಿಗೆ ಪಡೆದ ಒಲೆಯೇ ಬೇಕು. 2021ರಿಂದ ಇಂಗ್ಲೆಂಡಿನಲ್ಲಿ ಸಣ್ಣ ಪ್ರಮಾಣದಲ್ಲಿ ಮಾರುವ ಸೌದೆಯಲ್ಲಿ ನೀರಿನಂಶ ಶೇ. 20ನ್ನು ಮೀರುವಂತಿಲ್ಲ.

ನಮ್ಮ ಅಡುಗೆ ಮನೆಗೆ ಇಂಥ ಕಾನೂನು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ದಮ್ಮಿನ ರೋಗಿ, ಬಾಣಂತಿ, ಹಸುಗೂಸು ಇರುವ ಮನೆಯನ್ನು ಹೊಗೆ ನಿಷೇಧದ ಜಾಗವೆಂದು ಮನೆಯ ಯಜಮಾನ ಯಜಮಾನಿಯರೇ ಸಾರಿಬಿಡಬಹುದು.

ಯಾವ ಒಲೆ ಆರಿಸಬೇಕು?

ಮೊದಲ ಆಯ್ಕೆ ಗ್ಯಾಸ್ ಅಥವಾ ಕರೆಂಟಿನ ಒಲೆ. 2016ರಲ್ಲಿ ಉಜ್ವಲ ಯೋಜನೆ ಆರಂಭವಾದ ಮೇಲೆ ಬಹಳ ಮನೆಗಳಿಗೆ ಸಿಲಿಂಡರ್ ಬಂದಿದೆ. ಆದರೆ ಸಿಲಿಂಡರ್ ಮನೆಗೆ ಬಂದ ಮಾತ್ರಕ್ಕೆ ಹೊಗೆ ಮನೆ ಬಿಟ್ಟು ಹೋಗುವುದಿಲ್ಲ. ಎರಡನ್ನೂ ಹಚ್ಚುವ ಮನೆಯಲ್ಲಿ ಗ್ಯಾಸಿನ ಲಾಭ ಹೊಗೆಯಲ್ಲೇ ಹೋಗುತ್ತದೆ. ಸಿಲಿಂಡರ್ ತುಂಬಿಸುವ ಖರ್ಚು ಬಡವರಿಗೆ ಭಾರವೆಂಬುದು ನನಗೆ ಗೊತ್ತು. ಆದರೂ ದಮ್ಮಿನಿಂದ ಒಂದು ಸಲ ದಾಖಲಾದರೆ ಹೋಗುವ ಕೂಲಿ, ಬಸ್ ಚಾರ್ಜು, ಔಷಧಿಯ ಹಣ ಇವನ್ನೂ ಅದರ ಪಕ್ಕದಲ್ಲಿಟ್ಟು ಲೆಕ್ಕ ಹಾಕಿ ನೋಡಿ.

ಎರಡನೆಯದು ಗೋಬರ್ ಗ್ಯಾಸ್. ನಾಲ್ಕೈದು ದನಗಳಿರುವ ಮನೆಗೆ ಇದು ಒಳ್ಳೆಯದು. 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಕುಳ್ಳು ತಟ್ಟಿ ಸುಟ್ಟರೆ ಒಂದು ಹೊತ್ತಿನ ಅಡುಗೆಗೆ ಸೌದೆಗಿಂತಲೂ ಹೆಚ್ಚು ಹೊಗೆ. ಅದೇ ಸಗಣಿಯನ್ನು ಸ್ಥಾವರಕ್ಕೆ ಹಾಕಿದರೆ ಹೊಗೆಯಿಲ್ಲದ ಉರಿಯೂ ಸಿಗುತ್ತದೆ, ಹೊಲಕ್ಕೆ ಗೊಬ್ಬರವೂ ಉಳಿಯುತ್ತದೆ.

ಸೌದೆ ಬಿಡಲು ಆಗುವುದೇ ಇಲ್ಲ ಎನ್ನುವವರಿಗೆ ಮೂರನೆಯ ಆಯ್ಕೆ ಸುಧಾರಿತ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಹಳ್ಳಿಗಳ ಉಪಯೋಗಕ್ಕೆಂದು 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. ಅಲ್ಲಿ ರೂಪುಗೊಂಡದ್ದೇ ಮೂರು ಪಾತ್ರೆಗಳ ಅಸ್ತ್ರ ಒಲೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಬಹುಪಾಲು ಗಾಳಿಗೆ ಹೋಗಿ ಪಾತ್ರೆಗೆ ಮುಟ್ಟುವುದು ಸ್ವಲ್ಪವೇ. ಅಸ್ತ್ರ ಒಲೆಯಲ್ಲಿ ಬೆಂಕಿ ಮುಚ್ಚಿದ ಗೂಡಿನೊಳಗೆ ಜಾಲರಿಯ ಮೇಲೆ ಉರಿಯುತ್ತದೆ. ಬಿಸಿ ಗಾಳಿ ಒಂದೊಂದೇ ಪಾತ್ರೆಯ ಅಡಿ ಹಾದು ಕೊನೆಗೆ ಕೊಳವೆಯಿಂದ ಮಾಳಿಗೆಯ ಮೇಲೆ ಹೋಗುತ್ತದೆ. ಇದರಿಂದ ಸೌದೆಯೂ ಉಳಿಯುತ್ತದೆ.

ಪೇಟೆಯಲ್ಲಿ ಸಿಗುವ ಎತ್ತಿಡುವ ಲೋಹದ ಒಲೆಗಳಲ್ಲಿ ಎರಡು ಬಗೆ: ಗಾಳಿ ತಾನಾಗಿ ಎಳೆದುಕೊಳ್ಳುವುದು, ಸಣ್ಣ ಫ್ಯಾನ್ ಇರುವುದು. ಇವುಗಳಿಗೆ ಐಎಸ್ 13152 ಎಂಬ ಭಾರತೀಯ ಮಾನದಂಡವಿದೆ. ಅದರಂತೆ ಫ್ಯಾನ್ ಇಲ್ಲದ ಒಲೆ ಕನಿಷ್ಠ ಶೇ. 25, ಫ್ಯಾನ್ ಇರುವುದು ಕನಿಷ್ಠ ಶೇ. 35 ಶಾಖವನ್ನು ಪಾತ್ರೆಗೆ ಕೊಡಬೇಕು. ಹೊಗೆ ಕಣದ ಮಿತಿ ಫ್ಯಾನ್ ಒಲೆಗೆ ಇನ್ನೊಂದರ ಅರ್ಧಕ್ಕಿಂತ ಕಡಿಮೆ. ಕೊಳ್ಳುವಾಗ ಈ ಗುರುತು ಕೇಳಿ. ಆದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಕೊಳವೆ ಇರುವುದಿಲ್ಲ. ಉಳಿದ ಹೊಗೆಯೂ ಕಣ್ಣಿಗೆ ಕಾಣದ ವಿಷಾನಿಲವೂ ಕೋಣೆಯಲ್ಲೇ ನಿಲ್ಲುವುದರಿಂದ ಪಡಸಾಲೆಯಲ್ಲೋ ಅಂಗಳದಲ್ಲೋ ಇಟ್ಟು ಹಚ್ಚಬೇಕು.

ಅಂಗಡಿಯವರು ಏನೇ ಹೇಳಲಿ, ಕೊಳ್ಳುವ ಮೊದಲು ನಿಮ್ಮನ್ನೇ ನೀವು ಕೇಳಿಕೊಳ್ಳಿ:

1. ನಮ್ಮ ಮನೆಯಲ್ಲಿ ವರ್ಷವಿಡೀ ಏನು ಉರಿಸುತ್ತೇವೆ? ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಭರ್ರನೆ ಉರಿದು ಮುಗಿಯುತ್ತವೆ. ಜಾಲಿ ಕೊರಡು ನಿಧಾನ. ಕುಳ್ಳಿನಲ್ಲಿ ಬೂದಿ ಹೆಚ್ಚು. ಎಲ್ಲವನ್ನೂ ಹಾಕುವುದಾದರೆ ಕೆಳಗೆ ಜಾಲರಿಯೂ ಬೂದಿ ತೆಗೆಯುವ ಬಾಯಿಯೂ ಇರಲೇಬೇಕು. ಗುಳಿಗೆ ಇಂಧನವನ್ನೇ ಬೇಡುವ ಒಲೆಯಾದರೆ ಆ ಗುಳಿಗೆ ನಮ್ಮೂರಲ್ಲಿ ಸಿಗುತ್ತದೆಯೇ?

2. ನಮ್ಮ ಪಾತ್ರೆ ಒಲೆಯ ಬಾಯಿಗೆ ಸರಿಯಾಗಿ ಕೂರುತ್ತದೆಯೇ? ಸಂದಿ ಬಿಟ್ಟರೆ ಅಲ್ಲಿಂದಲೇ ಹೊಗೆ. ಒಂದು ಬಾಯಿ ಖಾಲಿ ಇದ್ದರೆ ಮುಚ್ಚಿಡಬೇಕು.

3. ರೊಟ್ಟಿಯ ಹಂಚು ಅದರ ಮೇಲೆ ನಿಲ್ಲುತ್ತದೆಯೇ? ನಿಲ್ಲದಿದ್ದರೆ ಆ ಒಲೆ ಒಂದೇ ತಿಂಗಳಲ್ಲಿ ಅಟ್ಟ ಸೇರುತ್ತದೆ, ಹಳೆಯ ಒಲೆ ಮತ್ತೆ ಹತ್ತುತ್ತದೆ.

ಕಟ್ಟಿಗೆ ಒಣಗಬೇಕು, ಕೊಳವೆ ತೆರೆದಿರಬೇಕು

ಹಸಿ ಕಟ್ಟಿಗೆಯಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು. ಬೆಂಕಿಯ ಶಕ್ತಿ ಮೊದಲು ಆ ನೀರನ್ನು ಕುದಿಸಿ ಆವಿ ಮಾಡಲು ಖರ್ಚಾಗುತ್ತದೆ. ಉರಿ ತಣ್ಣಗಾಗಿ ಹೊಗೆ ಏಳುತ್ತದೆ. ಸೌದೆ ಸೀಳಿ, ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಒಟ್ಟಿ, ಮೇಲೆ ಮಾತ್ರ ಮರೆ ಮಾಡಿ ಆರು ತಿಂಗಳಿಂದ ಒಂದು ವರ್ಷ ಒಣಗಿಸಿ. ಮಳೆಗಾಲದ ಸೌದೆಯನ್ನು ಬೇಸಿಗೆಯಲ್ಲೇ ಒಟ್ಟಿಡಬೇಕು. ಎರಡು ತುಂಡು ಬಡಿದಾಗ ಟಣ್ ಎಂದರೆ ಒಣಗಿದೆ, ದಪ್ ಎಂದರೆ ಹಸಿಯಿದೆ. ಬೆಂಕಿ ಹೊತ್ತಿಸಲು ಪ್ಲಾಸ್ಟಿಕ್ ಚೀಲ, ಹಳೆಯ ಚಪ್ಪಲಿ, ಟಯರು, ಬಣ್ಣ ಬಳಿದ ಹಲಗೆ ಹಾಕಲೇಬೇಡಿ. ಅದರ ಹೊಗೆ ಸೌದೆಯ ಹೊಗೆಗಿಂತ ಕೆಟ್ಟದ್ದು.

1980ರ ದಶಕದಿಂದ 2002ರವರೆಗೆ ಸರ್ಕಾರ ದೇಶದಲ್ಲಿ ಕೋಟಿಗಟ್ಟಲೆ ಸುಧಾರಿತ ಒಲೆಗಳನ್ನು ಹಾಕಿಸಿತು. ಅವುಗಳಲ್ಲಿ ಬಹಳಷ್ಟು ಮೂಲೆಗುಂಪಾದವು. ಮುಂದೆ ಒಡಿಶಾದ ಹಳ್ಳಿಗಳಲ್ಲಿ ಕೊಳವೆ ಒಲೆ ಹಾಕಿಸಿದ ಮನೆಗಳನ್ನು ವಿದ್ವಾಂಸರು ನಾಲ್ಕು ವರ್ಷದವರೆಗೆ ಗಮನಿಸಿದರು. ಮೊದಲ ವರ್ಷ ಅಡುಗೆ ಮಾಡುವವರ ಎದೆಗೆ ಹೋಗುವ ಹೊಗೆ ಕಡಿಮೆಯಾಗಿತ್ತು. ಆಮೇಲೆ ಆ ಲಾಭ ಉಳಿಯಲಿಲ್ಲ. ಜನ ಒಲೆಯನ್ನು ಸರಿಯಾಗಿ ಬಳಸಲಿಲ್ಲ, ಬಿರುಕು ಮೆತ್ತಲಿಲ್ಲ, ಕೊಳವೆ ತೆಗೆದು ಶುಚಿ ಮಾಡಲಿಲ್ಲ.

ಆದ್ದರಿಂದ ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನವೆಂದು ಗುರುತಿಟ್ಟುಕೊಂಡರೂ ಸರಿ, ಕೊಳವೆಯ ಮಸಿ ತೆಗೆಯಿರಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮನೆಯ ಗಟ್ಟಿ ಆಳು ಈ ಕೆಲಸ ಮಾಡಲಿ, ರೋಗಿ ಮಾಡಬಾರದು. ಕೊಳವೆಯ ತುದಿ ಮಾಳಿಗೆಗಿಂತ ಎರಡು ಮೂರು ಅಡಿ ಮೇಲಿರಲಿ. ಗರಿ ಅಥವಾ ಹುಲ್ಲಿನ ಚಾವಣಿಗೆ ಬಿಸಿ ಕೊಳವೆ ತಾಗದಿರಲಿ. ಹಳೆಯ ಸಿಮೆಂಟ್ ಕೊಳವೆಗಳಲ್ಲಿ ಕಲ್ನಾರು ಇರುವುದರಿಂದ ಅವನ್ನು ಕತ್ತರಿಸಬೇಡಿ, ಕೊರೆಯಬೇಡಿ.

ನಾವು ಮರೆಯುವ ಮೂರು ಬೆಂಕಿಗಳು

ಮೊದಲನೆಯದು ಬಚ್ಚಲ ಒಲೆ. ಅಡುಗೆಗೆ ಗ್ಯಾಸ್ ಇದ್ದರೂ ಹಂಡೆ ನೀರಿಗೆ ಸಿಕ್ಕಿದ್ದೆಲ್ಲ ತುರುಕುತ್ತೇವೆ. ಅದರ ಹೊಗೆಯೂ ಮನೆಯೊಳಗೇ ಬರುತ್ತದೆ. ಅದಕ್ಕೂ ಒಂದು ಕೊಳವೆ ಇರಲಿ. ಅನುಕೂಲವಿದ್ದರೆ ಸೂರ್ಯನ ಶಾಖದಲ್ಲೇ ನೀರು ಕಾಯಲಿ.

ಎರಡನೆಯದು ಬಾಣಂತಿ ಕೋಣೆಯ ಕೆಂಡ ಮತ್ತು ಧೂಪ. ಬಾಗಿಲು ಕಿಟಕಿ ಮುಚ್ಚಿ ಕೆಂಡ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಲ್ಲೇ ಪ್ರಾಣ ಬಿಡಬಹುದು. ಕೂಸಿಗೆ ಲೋಬಾನದ ಹೊಗೆ ಹಿಡಿಯುವುದನ್ನೂ ಬಿಡಿ. ಅಜ್ಜಿಯರೇ, ನಿಮ್ಮ ಪ್ರೀತಿ ದೊಡ್ಡದು, ಕೂಸಿನ ಶ್ವಾಸಕೋಶ ಮಾತ್ರ ಬಹಳ ಚಿಕ್ಕದು. ಬೆಚ್ಚಗಿಡಲು ಟೋಪಿ, ಕಂಬಳಿ, ತಾಯಿಯ ಎದೆ ಸಾಕು.

ಮೂರನೆಯದು ಆಕ್ಸಿಜನ್ ಇರುವ ಮನೆಯ ಬೆಂಕಿ. ಇಲ್ಲಿಂದ ಆಕ್ಸಿಜನ್ ಯಂತ್ರ ಅಥವಾ ಸಿಲಿಂಡರ್ ಒಯ್ಯುವವರು ಅದನ್ನು ಒಲೆ, ದೀಪ, ಊದುಬತ್ತಿ, ಬೀಡಿಗಳಿಂದ ಕನಿಷ್ಠ 10 ಅಡಿ ದೂರವಿಡಿ. ಕಿಡಿ ತಾಗಿದರೆ ಬಟ್ಟೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ.

ರೊಟ್ಟಿಯ ಪ್ರಶ್ನೆ

ಇಷ್ಟೆಲ್ಲ ಕೇಳಿದ ಮೇಲೂ ನಮ್ಮ ತಾಯಂದಿರು ಕೇಳುವುದು ಒಂದೇ: "ರೊಟ್ಟಿಗೆ ಏನು ಮಾಡೋಣ?" ದೊಡ್ಡ ಬರ್ನರಿನ ಮೇಲೆ ಕಬ್ಬಿಣದ ಹಂಚಿಟ್ಟರೆ ಗ್ಯಾಸಿನಲ್ಲೂ ಜೋಳದ ರೊಟ್ಟಿ ಬೇಯುತ್ತದೆ. ಕಟ್ಟಿಗೆಯ ರುಚಿಯೇ ಬೇಕೆಂದರೆ ಕಟಕ ರೊಟ್ಟಿ ಮಾಡಿ. ವಾರಕ್ಕೊಂದು ದಿನ, ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ಬಡಿದಿಟ್ಟುಕೊಂಡರೆ ಎಂಟು ದಿನ ನಡೆಯುತ್ತದೆ. ಹದಿನಾಲ್ಕು ಹೊತ್ತಿನ ಹೊಗೆ ಒಂದು ಹೊತ್ತಿಗೆ ಇಳಿಯಿತಲ್ಲವೇ? ಆ ಹೊತ್ತು ರೋಗಿಯೂ ಮಕ್ಕಳೂ ದೂರವಿರಲಿ.

ಮೊದಲು ಹೇಳಿದ ಆ ತಾಯಿಯ ಮನೆಯಲ್ಲಿ ಏನಾಯಿತು? ಮಗ ಮನೆಗೆ ಹೋಗಿ ತಾಯಿಯನ್ನು ಒಲೆಯಿಂದ ಎಬ್ಬಿಸಿ ಹೆಂಡತಿಯನ್ನು ಕೂರಿಸಿದ. ಮುಂದಿನ ಸಲ ತೋರಿಸಲು ಬಂದಾಗ ಸೊಸೆಯೂ ಜೊತೆಗಿದ್ದಳು, ಕಂಕುಳಲ್ಲಿ ಕೂಸು. ನಾನು ಅವನಿಗೆ ಒಂದೇ ಮಾತು ಹೇಳಿದೆ: "ತಮ್ಮಾ, ಇಪ್ಪತ್ತು ವರ್ಷದ ಮೇಲೆ ಇದೇ ಬೆಂಚಿನ ಮೇಲೆ ಈಕೀನ್ನ ಕರ್ಕೊಂಡು ಬರ್ತೀಯೇನು?" ಅವನು ತಲೆ ತಗ್ಗಿಸಿದ. ಅಡುಗೆ ಪೂರ್ತಿ ಗ್ಯಾಸಿಗೆ ಬಂತು, ಸೌದೆ ಒಲೆ ಹಿತ್ತಲಿಗೆ ಹೋಯಿತು. ಆ ತಾಯಿ ಪೂರ್ತಿ ಗುಣವಾದರೆಂದು ನಾನು ಹೇಳಲಾರೆ. ಹೊಗೆ ತಿಂದ ಶ್ವಾಸಕೋಶ ಮರಳಿ ಬರುವುದಿಲ್ಲ. ಆದರೆ ಮುಂದಿನ ಮಳೆಗಾಲದಲ್ಲಿ ಅವರು ದಾಖಲಾಗಲಿಲ್ಲ, ಪಂಪು ತುಂಬಿಸಿಕೊಂಡು ಹೋಗಲು ಮಾತ್ರ ನಡೆದು ಬಂದರು.

ಶರಣರು ಕಾಯಕವನ್ನೂ ದಾಸೋಹವನ್ನೂ ನಮಗೆ ಕಲಿಸಿದರು. ಹಸಿದವರಿಗೆ ಅನ್ನ ಬೇಯಿಸುವುದು ದೊಡ್ಡ ಕಾಯಕ. ಉಂಡವರು ತೃಪ್ತರಾಗಿ, ಬೇಯಿಸಿದವರು ಕೆಮ್ಮುತ್ತ ಕೂರುವುದಾದರೆ ಆ ದಾಸೋಹದಲ್ಲಿ ಎಲ್ಲೋ ಕೊರತೆ ಉಳಿಯಿತು. ನೀವು ಇಲ್ಲಿಂದ ಬಿಡುಗಡೆಯಾಗಿ ಹೋಗುವ ದಿನ ಔಷಧಿಯನ್ನು ಯಾವಾಗ ನುಂಗಬೇಕೆಂದು ಕೇಳುವಿರಿ. ಅದರ ಜೊತೆಗೆ ನಿಮ್ಮ ಮನೆಯಲ್ಲಿ ಯಾವ ಒಲೆ ಇದೆ, ಅದರ ಮುಂದೆ ಯಾರು ಕೂರುತ್ತಾರೆ ಎಂಬುದನ್ನೂ ನಮಗೆ ಹೇಳಿ ಹೋಗಿ. ಚೀಟಿಯ ಆ ಸಾಲನ್ನು ನಾವು ನೀವು ಕೂಡಿಯೇ ಬರೆಯೋಣ.