ದಿನಕ್ಕೆ ಮೂರು ಕೋಸಿನ ಪಯಣ



ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 70 ಕಿಲೋಮೀಟರು. ಬಿ.ಎಚ್. ರಸ್ತೆಯಲ್ಲಿ ಬಸ್ಸು ಹತ್ತಿದರೆ ಆಯನೂರು, ಕುಂಸಿ, ಆನಂದಪುರ ಎಂದು ಕಂಡಕ್ಟರು ಕೂಗುತ್ತ ಹೋಗುವಷ್ಟರಲ್ಲಿ ಸಾಗರ ಬಂದೇ ಬಿಡುತ್ತದೆ. ನಡುವಿನ ಊರುಗಳೆಂದರೆ ಎರಡು ನಿಮಿಷದ ನಿಲುಗಡೆ, ಒಂದು ಲೋಟ ಚಹಾ, ಅಷ್ಟೇ. ಈಚೆಗೆ ಕಾರಿನಲ್ಲಿ ಡೇರೆ ಹೇರಿಕೊಂಡು, ಸಣ್ಣಪುಟ್ಟ ಊರುಗಳ ಅಂಚಿನಲ್ಲಿ ತಂಗುತ್ತ, ನಿಧಾನವಾಗಿ ಸುತ್ತುವವರು ಕಾಣಸಿಗುತ್ತಾರೆ. ಇದು ಹೊಸ ಹವ್ಯಾಸವೆಂದು ಅವರು ತಿಳಿದಿದ್ದರೆ, ಇದೇ ಸೀಮೆಯನ್ನು ಇನ್ನೂರು ವರ್ಷಗಳ ಹಿಂದೆ ಹೀಗೆಯೇ ಸುತ್ತಿದ ಒಬ್ಬ ವೈದ್ಯನ ಕಥೆಯನ್ನು ಕೇಳಬೇಕು.

ಆತನ ಹೆಸರು ಫ್ರಾನ್ಸಿಸ್ ಬುಕನನ್. ಸ್ಕಾಟ್ಲೆಂಡಿನವನು, ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿದ್ದವನು, ಗಿಡಮರಗಳ ಹುಚ್ಚು ಹಿಡಿದವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ, ಗೆದ್ದ ನಾಡಿನಲ್ಲಿ ಏನೇನಿದೆ ಎಂದು ನೋಡಿ ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಈತನನ್ನು ಕಳಿಸಿದ. 1800ರ ಏಪ್ರಿಲ್ 23ರಂದು ಮದರಾಸು ಬಿಟ್ಟವನು ಮರಳಿ ಮದರಾಸು ಸೇರಿದ್ದು 1801ರ ಜುಲೈನಲ್ಲಿ. ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಹಾದು, ಬನವಾಸಿಯ ಕಡೆಯಿಂದ ಈ ಸೀಮೆಗೆ ಕಾಲಿಟ್ಟದ್ದು 1801ರ ಬೇಸಿಗೆಯಲ್ಲಿ. ಚಂದ್ರಗುತ್ತಿ, ಇಕ್ಕೇರಿ, ಸಾಗರ, ನಗರ, ಆಮೇಲೆ ಶಿವಮೊಗ್ಗ.

ಆತನ ದಿನಚರಿ ಓದಲು ಕೊಂಚ ಬೇಸರವೇ. ಇಂಥ ತಾರೀಖು, ಇಷ್ಟು ಕೋಸು ನಡೆದೆ, ಇಂಥ ಊರು ಸೇರಿದೆ ಎಂದೇ ಬಹುತೇಕ ದಿನಗಳ ಆರಂಭ. ದೂರವನ್ನು ಅಳೆಯಲು ಆತ ಹಿಡಿದದ್ದು ಹಲವೆಡೆ ಟಿಪ್ಪುವಿನ ಕಾಲದ ‘ಸುಲ್ತಾನಿ ಕೋಸು’. ದಿನಕ್ಕೆ ಮೂರೋ ನಾಲ್ಕೋ ಕೋಸು, ಅಷ್ಟೇ. ಆಮೇಲೆ ಮುಕ್ಕಾಂ. ಡೇರೆ ಎದ್ದ ಮೇಲೆ ಊರಿನವರನ್ನು ಕರೆಸಿ ಮಾತು. ಬಿತ್ತನೆ ಎಷ್ಟು, ಬೆಳೆ ಎಷ್ಟು, ಕಂದಾಯ ಎಷ್ಟು, ಗಂಧದ ಮರ ಎಲ್ಲಿ, ಅಡಿಕೆ ಮೆಣಸಿಗೆ ಏನು ಬೆಲೆ? ಕಂಪನಿಯ ದೊರೆ ಬಂದು ಇಳುವರಿ ಕೇಳಿದರೆ ಯಾವ ರೈತ ನಿಜ ಹೇಳಿಯಾನು! ತನಗೆ ಸಿಗುವ ಉತ್ತರಗಳ ಮೇಲೆ ಬುಕನನ್ನನಿಗೂ ಪೂರ್ತಿ ನಂಬಿಕೆಯಿರಲಿಲ್ಲ. ಬಚ್ಚಿಡುತ್ತಾರೆ ಎಂದು ಹಲವು ಕಡೆ ಗೊಣಗಿದ್ದಾನೆ.

ಇದು ವಿಹಾರವಾಗಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಮನೆಯನ್ನು ಗೆದ್ದವರು ಕೋಣೆ ಕೋಣೆಯ ಬಾಗಿಲು ತೆಗೆದು ಪಾತ್ರೆ ಎಣಿಸಿದ ಹಾಗೆ ಅದು. ಮೇಲಾಗಿ, ಡೇರೆ ಹಾಕುವ ವಿದ್ಯೆಯನ್ನು ಈ ನೆಲಕ್ಕೆ ಯಾರೂ ಹೊರಗಿನಿಂದ ತರಬೇಕಾಗಿರಲಿಲ್ಲ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ದಾಟುತ್ತಿದ್ದ ಲಂಬಾಣಿಗಳಿಗೆ ದಾರಿಯೇ ಮನೆ. ಎಲ್ಲಿ ನೀರು, ಎಲ್ಲಿ ಮೇವು, ಎಲ್ಲಿ ಕಳ್ಳರ ಭಯ ಎಂಬುದು ಅವರಿಗೆ ಬಾಯಿಪಾಠ. ಅವರು ಪುಸ್ತಕ ಬರೆಯಲಿಲ್ಲ, ಬುಕನನ್ ಬರೆದ, ವ್ಯತ್ಯಾಸ ಇಷ್ಟೇ.

ಆದರೂ ಆ ನಿಧಾನದಿಂದ ಒಂದು ಲಾಭವಾಯಿತು. ಎಣಿಸಲು ಬಂದವನ ಕಿವಿಗೆ ಎಣಿಕೆಯಲ್ಲದ ಸಂಗತಿಗಳೂ ಬಿದ್ದವು. ಇಕ್ಕೇರಿಯಲ್ಲಿ ಆತ ಕಂಡದ್ದು ರಾಜಧಾನಿಯನ್ನಲ್ಲ, ಹಿಂದೆ ರಾಜಧಾನಿಯಾಗಿದ್ದ ಊರನ್ನು. ಕೆಳದಿಯ ನಾಯಕರು ಅಲ್ಲಿಂದ ಬಿದನೂರಿಗೆ ಹೋಗಿದ್ದರು; ಆ ಬಿದನೂರನ್ನು 1763ರಲ್ಲಿ ಹೈದರಾಲಿ ಹಿಡಿದು ‘ಹೈದರ್ ನಗರ’ ಎಂದು ಕರೆದಿದ್ದ. ಇಕ್ಕೇರಿಯಲ್ಲಿ ಉಳಿದದ್ದು ಅಘೋರೇಶ್ವರನ ಗುಡಿ. ಇಂದೂ ಸಾಗರದಿಂದ ಹೋಗಿ ನೋಡಿದವರಿಗೆ, ಇಷ್ಟು ದೊಡ್ಡ ದೇವಸ್ಥಾನ ಇಷ್ಟು ಸಣ್ಣ ಊರಿನಲ್ಲೇಕೆ ಎನಿಸದೆ ಇರದು.

ಶಿವಮೊಗ್ಗದ ಕಥೆ ಇನ್ನೂ ಕಹಿ. 1791ರ ಡಿಸೆಂಬರ್ ಕೊನೆಯಲ್ಲಿ ಈ ಊರಿನ ಬಳಿ ಒಂದು ಕದನ ನಡೆಯಿತು. ಪರಶುರಾಮ ಭಾವುವಿನ ಮರಾಠಾ ದಂಡು, ಜೊತೆಗೆ ಕ್ಯಾಪ್ಟನ್ ಲಿಟ್ಲನ ಕಂಪನಿ ಪಡೆ ಒಂದು ಕಡೆ. ಟಿಪ್ಪುವಿನ ಸೈನ್ಯ ಇನ್ನೊಂದು ಕಡೆ. ಟಿಪ್ಪುವಿನ ಸೈನ್ಯ ಸೋತಿತು. ಆಗ ಊರಿನಲ್ಲಿ 6000 ಮನೆಗಳಿದ್ದವು, ಮರಾಠರು ಎಲ್ಲವನ್ನೂ ಹಾಳುಗೆಡವಿದರು, ಹೆಂಗಸರ ಮಾನ ಕಳೆದರು ಎಂದು ಬುಕನನ್ ಬರೆದಿದ್ದಾನೆ. ಈ ಸಂಖ್ಯೆಯನ್ನು ಯಾರೂ ಎಣಿಸಿ ಇಟ್ಟಿರಲಾರರು, ನಿಜ. ಆದರೆ ಆತ ಊರಿಗೆ ಬಂದಾಗ ಘಟನೆಗೆ ಹತ್ತು ವರ್ಷವೂ ತುಂಬಿರಲಿಲ್ಲ; ಕಣ್ಣಾರೆ ಕಂಡವರು ಇನ್ನೂ ಬದುಕಿದ್ದ ಕಾಲ. ಗೆದ್ದ ಪಕ್ಷದಲ್ಲಿ ಕಂಪನಿಯ ಸಿಪಾಯಿಗಳೂ ಇದ್ದರು ಎಂಬುದನ್ನು ನೆನೆದರೆ, ಕಂಪನಿಯ ನೌಕರನೇ ಇದನ್ನು ಕಾಗದಕ್ಕೆ ಇಳಿಸಿದ್ದು ಸಣ್ಣ ಮಾತಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಟಿಪ್ಪುವಿನ ನಂತರದ ಗೊಂದಲದಲ್ಲಿ ಚನ್ನಗಿರಿ ಮೂಲದ ಧೋಂಡಿಯಾ ವಾಘ್ ಈ ಸೀಮೆಯಲ್ಲೆಲ್ಲ ದಂಡು ಕಟ್ಟಿ ಓಡಾಡಿದ. ಅವನು ಕಂಪನಿ ಸೈನ್ಯದ ಕೈಯಲ್ಲಿ ಸತ್ತದ್ದು 1800ರ ಸೆಪ್ಟೆಂಬರಿನಲ್ಲಿ. ಅಂದರೆ ಬುಕನನ್ನನ ಡೇರೆ ಏಳುವ ಹೊತ್ತಿಗೆ ಈ ದಾರಿಗಳು ಶಾಂತವಾಗಿ ಕೆಲವೇ ತಿಂಗಳಾಗಿತ್ತು. ಕುದುರೆಯ ಸದ್ದು ಕೇಳಿದರೆ ಯಾರ ಕಡೆಯವರು ಎಂದು ಮೊದಲು ಕೇಳಿಕೊಳ್ಳುತ್ತಿದ್ದ ಜನ, ಡೇರೆಯ ಮುಂದೆ ಬಂದು ನಿಂತು ಭತ್ತದ ಲೆಕ್ಕ ಹೇಳಬೇಕಾಗಿತ್ತು.

ಕಬ್ಬಿಣ ಕಾಯಿಸುವ ಕುಲುಮೆ ಕಂಡಲ್ಲೆಲ್ಲ ನಿಂತು ನೋಡುತ್ತಿದ್ದ ಈತನಿಗೆ ಭದ್ರಾವತಿ, ಅಂದಿನ ಬೆಂಕಿಪುರ, ದಾರಿಗೆ ಸಿಗಲಿಲ್ಲವೆಂಬುದು ಒಂದು ಸ್ವಾರಸ್ಯ. ಅಲ್ಲಿ ಕಬ್ಬಿಣದ ಕಾರ್ಖಾನೆ ಉರಿ ಹೊತ್ತಿಸಿದ್ದು 1923ರಲ್ಲಿ. ಶಿವಮೊಗ್ಗದಿಂದ ಈತ ಹಿಡಿದದ್ದು ಉತ್ತರದ ದಾರಿ, ಹೊಳೆಯ ಜೊತೆಜೊತೆಗೆ, ಕೂಡಲಿಗೆ.

ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರುತ್ತವೆ. ಅಲ್ಲಿಯ ಮಠವನ್ನೂ ಅದೇ ದಂಡು ಸುಟ್ಟಿತ್ತೆಂದು, ಸ್ವಾಮಿಗಳು ಸಿಟ್ಟಿನಿಂದ ಬಹಿಷ್ಕಾರದ ಮಾತಾಡಿದರೆಂದು ಆತ ಬರೆದುಕೊಂಡಿದ್ದಾನೆ. ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಶಿವಮೊಗ್ಗದಿಂದ ಕೂಡಲಿಗೆ ಈಗ ಹದಿನೈದು ಕಿಲೋಮೀಟರಿನ ಆಸುಪಾಸು, ಅರ್ಧ ಗಂಟೆಯ ದಾರಿ. ಡೇರೆಯವರು ಒಂದು ರಾತ್ರಿ ಅಲ್ಲಿ ನಿಂತರೆ, ಬೇಸಿಗೆಯಲ್ಲಿ ಎರಡೂ ಹೊಳೆಗಳ ನೀರು ಬೇರೆ ಬೇರೆ ಬಣ್ಣವೇ ಎಂದು ಊರಿನ ಹಿರಿಯರನ್ನು ಕೇಳಬಹುದು. ಬುಕನನ್ನನಷ್ಟು ಪ್ರಶ್ನೆ ಕೇಳದಿದ್ದರೆ ಸಾಕು, ಅವರು ನಿಜವನ್ನೇ ಹೇಳುತ್ತಾರೆ.